ಬೀಳದ ಒನಕೆ

"ಗುರುಗಳೇ, ಯಾವ ಸುದ್ದಿಯನ್ನು ನಂಬಬೇಕು?" ಎಂದು ನಿಜಗುಣ ಕೇಳಿದ.

ಮಠದ ಜಗಲಿಯಲ್ಲಿ ಕುಳಿತಿದ್ದ ಗುರುಗಳು ಅವನ ಕಡೆ ನೋಡಿದರು. ಅವನ ಕೈಯಲ್ಲಿ ಮೊಬೈಲ್ ಇತ್ತು, ಕಿಸೆಯಲ್ಲಿ ಪತ್ರಿಕೆಯಿಂದ ಕತ್ತರಿಸಿದ ಚೂರುಗಳಿದ್ದವು. ಅವನ ತಾಯಿ ಬಸಲಿಂಗಮ್ಮ ಎರಡು ಮಾರು ಆಚೆ ಕಂಬಕ್ಕೆ ಒರಗಿ ಕುಳಿತು ಮಠದ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಎರಡು ಕಣ್ಣಿಗೂ ಪೊರೆ ಬಂದಿದ್ದರಿಂದ ಬೆರಳಿನಲ್ಲೇ ತಡವಿ ತಡವಿ ಆರಿಸುತ್ತಿದ್ದರು.

"ಅಮ್ಮನ ಕಣ್ಣಿಗೆ ಆಪರೇಷನ್ ಆಗಬೇಕು ಅಂತ ಡಾಕ್ಟರು ಎರಡು ಸಲ ದಿನ ಕೊಟ್ಟರು. ಎರಡು ಸಲವೂ ನಾನೇ ಮುಂದಕ್ಕೆ ಹಾಕಿದೆ," ಎಂದ ನಿಜಗುಣ. "ಒಂದು ಪತ್ರಿಕೆ, ಲೇಸರ್ ಇರುವಾಗ ಬೇರೆ ಯಾಕೆ ಅನ್ನುತ್ತದೆ. ಇನ್ನೊಂದು, ಹಳೆಯ ವಿಧಾನವೇ ಸಾಕು ಅನ್ನುತ್ತದೆ. ಯಾವುದೋ ದೇಶದಲ್ಲಿ ಪೊರೆ ಕರಗಿಸುವ ಹನಿ ಕಂಡುಹಿಡಿದಿದ್ದಾರಂತೆ, ಇಲಿಗಳಿಗೆ ಗುಣವಾಗಿದೆಯಂತೆ. ಮುಂದಿನ ವರ್ಷ ಬರುವ ಲೆನ್ಸು ಈ ವರ್ಷದ್ದಕ್ಕಿಂತ ಒಳ್ಳೆಯದಂತೆ. ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದರೆ ನಲವತ್ತು ಜನ ನಲವತ್ತು ಬಗೆ ಹೇಳುತ್ತಾರೆ. ನನಗಂತೂ ತಲೆ ಕೆಟ್ಟುಹೋಗಿದೆ."

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ದರ್ಜಿ ಇದ್ದ. ಕತ್ತರಿ ಹಿಡಿದರೆ ಅವನ ಕೈ ತಪ್ಪುತ್ತಿರಲಿಲ್ಲ. ಆದರೆ ಯಾರಾದರೂ ಎರಡು ಮಾತು ಜೋರಾಗಿ ಹೇಳಿದರೆ ಸಾಕು, ಅವನಿಗೆ ತನ್ನ ಹೆಸರೇ ಮರೆತುಹೋಗುತ್ತಿತ್ತು. ಹೊಸ ಸುದ್ದಿ ಓದಿದಾಗೆಲ್ಲ ಮನೆಯಲ್ಲಿ ಏನಾದರೊಂದು ಬದಲಾಗುತ್ತಿತ್ತು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಬೇಯಿಸಿದ್ದು ತಿನ್ನಬಾರದು ಎಂದು ಓದಿದ ದಿನ ಪಾತ್ರೆಗಳು ಅಟ್ಟ ಹತ್ತಿದವು. ತಿಂದರೆ ಏನೂ ಆಗುವುದಿಲ್ಲ ಎಂದು ಓದಿದ ದಿನ ಕೆಳಗಿಳಿದವು. ಹತ್ತಿಸುವುದನ್ನೂ ಇಳಿಸುವುದನ್ನೂ ಅವನ ಹೆಂಡತಿಯೇ ಮಾಡುತ್ತಿದ್ದಳು.

ಆ ಹೆಂಡತಿಗೆ ದಿನ ತುಂಬಿತ್ತು. ಅದೇ ವಾರ ಸೂರ್ಯಗ್ರಹಣ ಬಂತು.

ಗ್ರಹಣ ಬಿಡುವ ತನಕ ಬಸುರಿ ಹೊಸಿಲು ದಾಟಬಾರದು ಎಂಬುದು ಆ ಮನೆಯ ಕಟ್ಟಳೆ. ಗ್ರಹಣ ಹಿಡಿದದ್ದೂ ಬಿಟ್ಟದ್ದೂ ಗೊತ್ತಾಗಲು ಅವರ ಬಳಿ ಒಂದು ಉಪಾಯವಿತ್ತು. ಹಿತ್ತಾಳೆ ತಟ್ಟೆಗೆ ಅರಿಶಿನದ ನೀರು ಹಾಕಿ ನಡುವೆ ಒನಕೆ ನಿಲ್ಲಿಸುವುದು. ಗ್ರಹಣ ಇರುವಷ್ಟು ಹೊತ್ತು ಒನಕೆ ಯಾರ ಆಸರೆಯೂ ಇಲ್ಲದೆ ನಿಂತಿರುತ್ತದೆ, ಬಿಟ್ಟ ಕೂಡಲೇ ತಾನಾಗಿ ಬೀಳುತ್ತದೆ ಎಂದು ಅವರ ನಂಬಿಕೆ. ಹಿಂದಿನ ಗ್ರಹಣದಲ್ಲಿ ದರ್ಜಿಯ ಮನೆಯ ಒನಕೆ ನಿಲ್ಲಲೇ ಇಲ್ಲ. ಇಡೀ ಬೀದಿಯಲ್ಲಿ ಒನಕೆ ನಿಲ್ಲದ ಮನೆ ಅದೊಂದೇ. ದರ್ಜಿಯ ತಾಯಿ ಎಂಟು ದಿನ ಬೀದಿಯಲ್ಲಿ ತಲೆ ಎತ್ತಿ ಓಡಾಡಲಿಲ್ಲ.

ಆದ್ದರಿಂದ ಈ ಸಲ ದರ್ಜಿ ಮೊದಲೇ ಎಚ್ಚರ ವಹಿಸಿದ. ಒನಕೆಯನ್ನು ಬಡಗಿಯ ಬಳಿಗೆ ಒಯ್ದು, ಬುಡ ಕೊಯ್ಯಿಸಿ, ಮೂಲೆಮಟ್ಟ ಹಿಡಿಸಿ ನೋಡಿ, ಕೂದಲೆಳೆಯಷ್ಟೂ ಓರೆಯಿಲ್ಲದಂತೆ ಸಮ ಮಾಡಿಸಿಕೊಂಡು ಬಂದ.

ಬೆಳಗ್ಗೆ ಹತ್ತೂಕಾಲಿಗೆ ಗ್ರಹಣ ಹಿಡಿಯಿತು. ಒನಕೆ ನಿಂತಿತು. ನಿಂತದ್ದು ಎಂದರೆ ಹಾಗೆ ಹೀಗೆ ಅಲ್ಲ, ಮದುವೆ ಚಪ್ಪರದ ಕಂಬದ ಹಾಗೆ ನಿಂತಿತು. ತಾಯಿಯ ಮುಖ ಅರಳಿತು. ಗ್ರಹಣದ ಹೊತ್ತಿನಲ್ಲಿ ಮನೆಯಿಂದ ಹೊರಗೆ ಕಾಲಿಡಬಾರದು ಎನ್ನುವವರೆಲ್ಲ ಅದನ್ನು ನೋಡಲು ಮನೆಯಿಂದ ಹೊರಗೆ ಬಂದರು. ಅವರಲ್ಲಿ ಇಬ್ಬರು ಅಲ್ಲೇ ಕುಳಿತುಬಿಟ್ಟರು. ಒಬ್ಬ ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮ್ಯಾನ್. ಮೂವತ್ತು ವರ್ಷದ ವಿಜ್ಞಾನದ ಸುದ್ದಿಗಳನ್ನು ಕತ್ತರಿಸಿ ಟ್ರಂಕಿನಲ್ಲಿ ಇಟ್ಟವನು. ಇನ್ನೊಬ್ಬ ಎದುರಿನ ಮೊಬೈಲ್ ರಿಪೇರಿ ಅಂಗಡಿಯವನು. ಟ್ರಂಕಿನ ಮೇಲೆ ಅವನಿಗೆ ಎಳ್ಳಷ್ಟೂ ನಂಬಿಕೆಯಿಲ್ಲ.

ಹನ್ನೆರಡು ಗಂಟೆಗೆ ಹೆಂಡತಿಗೆ ನೋವು ಶುರುವಾಯಿತು.

"ರೀ, ಆಸ್ಪತ್ರೆಗೆ ಹೊರಡೋಣ," ಎಂದು ಒಳಗಿನಿಂದ ಕೂಗಿದಳು.

"ಇನ್ನೇನು, ಒಂದು ಗಂಟೆಗೆಲ್ಲ ಬಿಡುತ್ತೆ ಕಣೇ. ಒನಕೆ ಬಿದ್ದ ತಕ್ಷಣ ಹೊರಡೋಣ," ಎಂದ ದರ್ಜಿ.

ಅವಳು ಹಲ್ಲು ಕಚ್ಚಿ ಕಾದಳು. ಒಂದು ಗಂಟೆಯಾಯಿತು. ಒಂದು ಗಂಟೆ ಐದು ನಿಮಿಷವಾಯಿತು. ಟೀವಿಯಲ್ಲಿ ಸೂರ್ಯ ಪೂರ್ತಿ ದುಂಡಗೆ ಕಾಣಿಸಿದ. ಗ್ರಹಣ ಬಿಟ್ಟಿತು ಎಂದು ಟೀವಿಯವರು ಹೇಳಿದರು. ಒನಕೆ ಬೀಳಲಿಲ್ಲ.

ದರ್ಜಿ ಟೀವಿಯನ್ನು ನೋಡಿದ. ಒನಕೆಯನ್ನು ನೋಡಿದ. ಮತ್ತೆ ಟೀವಿಯನ್ನು ನೋಡಿದ. ಬಾಗಿಲಿಗೆ ಹೋಗಿ ಇಣುಕಿದರೆ ಅಂಗಳದಲ್ಲಿ ಬಿಸಿಲು ಸುಡುತ್ತಿತ್ತು. ಒಳಗೆ ಬಂದರೆ ಒನಕೆ ನಿಂತೇ ಇತ್ತು.

"ನನ್ನ ಮೊಬೈಲಲ್ಲಿ ಆಗಲೇ ಬಿಟ್ಟಾಯ್ತಲ್ಲ," ಎಂದ ಮೊಬೈಲ್ ಅಂಗಡಿಯವನು.

"ಆ ಟೈಮು ಯಾವ ಊರಿಂದೋ ಏನೋ," ಎಂದ ಪೋಸ್ಟ್‌ಮ್ಯಾನ್. "ಚಂದ್ರ ವರ್ಷಕ್ಕೆ ಒಂದೂವರೆ ಇಂಚು ದೂರ ಹೋಗ್ತಿದಾನೆ. ನಾನು ಹೇಳ್ತಿಲ್ಲ, ವಿಜ್ಞಾನಿಗಳೇ ಹೇಳಿರೋದು, ಟ್ರಂಕಲ್ಲಿದೆ. ದೂರ ಹೋದೋನು ಸೂರ್ಯನ್ನ ದಾಟೋಕೆ ಹೊತ್ತು ಹಿಡಿಯಲ್ವೇ?"

ಒಂದೂವರೆ ಇಂಚು ಎಂದರೆ ಎಷ್ಟೆಂದು ದರ್ಜಿಗೆ ಚೆನ್ನಾಗಿ ಗೊತ್ತು. ರವಿಕೆ ಮುಂದೆಂದಾದರೂ ಬಿಗಿಯಾದರೆ ಬಿಚ್ಚಿಕೊಳ್ಳಲಿ ಎಂದು ಪಕ್ಕದ ಹೊಲಿಗೆಯೊಳಗೆ ಬಿಡುವ ಬಟ್ಟೆ ಅಷ್ಟು. ಅಷ್ಟು ಬಟ್ಟೆಗೆ ಗ್ರಹಣ ಯಾಕೆ ತಡವಾಗಬೇಕು ಎಂದು ಅವನಿಗೆ ತಿಳಿಯಲಿಲ್ಲ. ಕೇಳಲು ಧೈರ್ಯವೂ ಬರಲಿಲ್ಲ. ವಿಜ್ಞಾನಿಗಳ ಅಳತೆ ಟೇಪು ಬೇರೆ ಇರಬಹುದು ಎಂದುಕೊಂಡ.

ಬೇರೆ ಊರಿನಲ್ಲಿದ್ದ ಭಾವನಿಗೆ ಫೋನು ಮಾಡಿದ. ಭೂಮಿ ತಿರುಗುವ ವೇಗವೇ ಹೆಚ್ಚುಕಡಿಮೆ ಆಗಿದೆ, ಗಡಿಯಾರ ನಂಬಬೇಡ ಎಂದ ಭಾವ. ಟೀವಿಯಲ್ಲಿ ಒಬ್ಬ ಜ್ಯೋತಿಷಿ, ಒಬ್ಬ ವಿಜ್ಞಾನದ ಮೇಷ್ಟ್ರು ಒಟ್ಟಿಗೆ ಕೂಗಾಡುತ್ತಿದ್ದರು, ಇಬ್ಬರದೂ ಕೇಳಿಸಲಿಲ್ಲ. ತಾಯಿ ಮಾತ್ರ ಒಂದೇ ಮಾತು ಹೇಳಿದಳು. "ಟೀವಿ ಬೇಕಾದ್ರೆ ಸುಳ್ಳು ಹೇಳ್ಬೋದು ಕಣೋ. ನಮ್ಮನೆ ಒನಕೆ ಹೇಳಲ್ಲ."

ದರ್ಜಿ ಕಕ್ಕಾಬಿಕ್ಕಿಯಾಗಿ ಒನಕೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ಅದರ ಬುಡ ತಟ್ಟೆಗೆ ಅಂಟಿಸಿದ ಹಾಗೆ ಕೂತಿತ್ತು. ಒಂದು ಕ್ಷಣ ಅವನಿಗೆ ಬಡಗಿಯ ನೆನಪಾಯಿತು. ಏನೋ ಹೊಳೆದಂತಾಯಿತು. ಅಷ್ಟರಲ್ಲಿ ಪೋಸ್ಟ್‌ಮ್ಯಾನ್ ಟ್ರಂಕಿನಿಂದ ತಂದ ಇನ್ನೊಂದು ಸುದ್ದಿಯನ್ನು ಗಟ್ಟಿಯಾಗಿ ಓದತೊಡಗಿದ. ಹೊಳೆದದ್ದು ಹಾರಿಹೋಯಿತು.

ಒಳಗಿನ ಕೋಣೆಯಿಂದ ನರಳುವುದು ಕೇಳಿಸಿತು. ಅದು ಕೇಳಿಸಬಾರದೆಂದು ಯಾರೂ ಟೀವಿಯ ಸದ್ದು ಹೆಚ್ಚಿಸಲಿಲ್ಲ. ಸುದ್ದಿ ಸರಿಯಾಗಿ ಕೇಳಿಸಲೆಂದು ಹೆಚ್ಚಿಸಿದರು.

ಒಂದೂಮುಕ್ಕಾಲಿಗೆ ಹೆಂಡತಿ ಗೋಡೆ ಹಿಡಿದುಕೊಂಡು ಕೋಣೆಯಿಂದ ಹೊರಗೆ ಬಂದಳು. ಹಣೆಯ ಕುಂಕುಮ ಬೆವರಿನಲ್ಲಿ ಇಳಿದಿತ್ತು. ಎಲ್ಲರೂ ಮಾತು ನಿಲ್ಲಿಸಿ ದಾರಿ ಬಿಟ್ಟರು. ಅವಳು ಗಂಡನನ್ನು ನೋಡಿದಳು. ಅವನ ಮುಂದಿದ್ದ ಒನಕೆಯನ್ನು ನೋಡಿದಳು. ಕಾಲೆತ್ತಿ, ಹೆಬ್ಬೆರಳಿನಿಂದ ಅದನ್ನು ತಳ್ಳಿದಳು.

ಒನಕೆ ದಢಾರನೆ ಬಿತ್ತು. ಅರಿಶಿನದ ನೀರು ಪೋಸ್ಟ್‌ಮ್ಯಾನನ ಬಿಳಿ ಪಂಚೆಗೆಲ್ಲ ಸಿಡಿಯಿತು.

"ಬಿತ್ತು. ಆಟೋ ಕರೀರಿ," ಎಂದಳು.

ಆಸ್ಪತ್ರೆಯ ಬಾಗಿಲಲ್ಲೇ ನರ್ಸು ಅವಳ ಕೈ ಹಿಡಿದು, "ನೋವು ಎಷ್ಟೆಷ್ಟು ಹೊತ್ತಿಗೆ ಬರ್ತಿದೆಯಮ್ಮ?" ಎಂದು ಕೇಳಿದಳು. ಬೆಳಗ್ಗಿನಿಂದ ಅವಳನ್ನು ಯಾರಾದರೂ ಕೇಳಿದ ಮೊದಲ ಪ್ರಶ್ನೆ ಅದು. ಪಕ್ಕದಲ್ಲಿ ನಿಂತಿದ್ದ ದರ್ಜಿಗೆ ಅದು ಚುರುಕ್ಕೆಂದಿತು. ಅವನು ಟೀವಿಯನ್ನು ಕೇಳಿದ್ದ, ಭಾವನನ್ನು ಕೇಳಿದ್ದ, ಕೊನೆಗೆ ಒನಕೆಯನ್ನೂ ಕೇಳಿದ್ದ.

ಹುಟ್ಟಿದ ಮಗು ಕೂಡಲೇ ಅಳಲಿಲ್ಲ. ಬಾಗಿಲಾಚೆ ನಿಂತ ದರ್ಜಿಗೆ ಆ ಒಂದು ನಿಮಿಷ ಇಡೀ ಗ್ರಹಣಕ್ಕಿಂತ ಉದ್ದವಾಯಿತು. ಅವನು ಗೋಡೆಗೆ ಹಣೆಯೊತ್ತಿ ಅತ್ತುಬಿಟ್ಟ. ಆಮೇಲೆ ಮಗು ಅತ್ತಿತು. ಹೆಣ್ಣು ಮಗು. ಇನ್ನು ಸ್ವಲ್ಪ ತಡವಾಗಿದ್ದರೆ ಯಾರನ್ನೂ ಉಳಿಸಲು ಆಗುತ್ತಿರಲಿಲ್ಲ ಎಂದು ನರ್ಸು ಅವನಿಗೆ ಚೆನ್ನಾಗಿ ಬೈದಳು. ಅವನು ತಲೆ ತಗ್ಗಿಸಿ ಬೈಸಿಕೊಂಡ.

ಇತ್ತ ಮನೆಯಲ್ಲಿ ಮಾತು ಇನ್ನೂ ಮುಗಿದಿರಲಿಲ್ಲ. ಒನಕೆ ಬಿದ್ದದ್ದು ಒಂದೂಮುಕ್ಕಾಲಿಗೆ, ಅಂದರೆ ವಿಜ್ಞಾನಿಗಳ ಲೆಕ್ಕ ನಲವತ್ತು ನಿಮಿಷ ತಪ್ಪಿದೆ ಎಂದು ಪೋಸ್ಟ್‌ಮ್ಯಾನ್ ಪತ್ರಿಕೆಗೆ ಒಂದು ಪತ್ರ ಬರೆದ. ಮೊಬೈಲ್ ಅಂಗಡಿಯವನು ಅದಕ್ಕೆ ಉತ್ತರ ಬರೆದ. ಎರಡೂ ಅಚ್ಚಾದವು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ನಿಜಗುಣನ ಹುಬ್ಬು ಇನ್ನಷ್ಟು ಗಂಟಿಕ್ಕಿತು. "ಅದೆಲ್ಲ ಸರಿ ಗುರುಗಳೇ. ಆದರೆ ಅಷ್ಟು ಜನ ಹೇಳಿದ್ದರಲ್ಲಿ ಯಾರದು ನಿಜ? ಅದು ಗೊತ್ತಾದರೆ ನನ್ನ ಗೊಂದಲವೂ ಬಗೆಹರಿಯುತ್ತದೆ," ಎಂದ.

ಕಂಬದ ಬಳಿ ಅಕ್ಕಿಯಲ್ಲಿ ಆಡುತ್ತಿದ್ದ ಬೆರಳುಗಳು ನಿಂತಿದ್ದವು. ಬಸಲಿಂಗಮ್ಮ ಮುಖವೆತ್ತಿ, ಮಗನ ದನಿ ಬಂದ ಕಡೆಗೆ ತಿರುಗಿದ್ದರು.

ಗುರುಗಳು ಕೇಳಿದರು, "ಪೊರೆ ಬಂದಿರುವುದು ಯಾರ ಕಣ್ಣಿಗೆ, ನಿಜಗುಣ?"

ನಿಜಗುಣ ಮೊಬೈಲನ್ನು ಕಿಸೆಗಿಟ್ಟು ತಾಯಿಯ ಕಡೆ ತಿರುಗಿದ.