ಗವಿರಂಗ ದುಂಬಿ ಹಿಡಿದದ್ದು

ಸಣ್ಣೀರಮ್ಮನಿಗೆ ಗವಿರಂಗ ಅಂತ ಒಬ್ಬ ಮಗ. ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ಮೊಣಕಾಲು ದಾಟಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ತಾಯಿಗೆ ಕಷ್ಟ.

ಆ ವರ್ಷ ಎಲ್ಲಿಂದಲೋ ಪರದೇಶದ ಹಸಿರು ದುಂಬಿ ಬಂದು ಅವರ ತೋಟದ ಮಾವಿನ ಮರ ಕೊರೆಯತೊಡಗಿತು. ಆ ಮರಗಳೇ ಮನೆಯ ಅನ್ನ. ಸಣ್ಣೀರಮ್ಮನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಕೊನೆಗೆ ತೋಟಗಾರಿಕೆ ಸಾಹೇಬರು ಬಂದು ಒಂದು ಚೀಲ ಪ್ಲಾಸ್ಟಿಕ್ ದುಂಬಿ, ಒಂದು ಡಬ್ಬ ಅಂಟು ಕೊಟ್ಟರು.

"ಇವು ನೋಡೋಕೆ ಹೆಣ್ಣು ದುಂಬಿ ಥರಾನೇ ಇವೆ. ಅಂಟು ಬಳಿದು ಮರಕ್ಕೆ ಹಚ್ಚಿ. ಹೆಣ್ಣು ಅಂದ್ಕೊಂಡು ಗಂಡು ದುಂಬಿ ಬಂದು ಕೂರುತ್ತೆ, ಸಿಕ್ಕಿಬೀಳುತ್ತೆ."

"ಕೇಳಿದೆಯೇನೋ? ಮರಕ್ಕೆ ಹಚ್ಚು, ಹೋಗು," ಅಂದಳು ತಾಯಿ.

ಗವಿರಂಗ ಮನೆಯಲ್ಲಿ ಕಂಡ ಮರಕ್ಕೆಲ್ಲ ಹಚ್ಚಿದ. ಬಾಗಿಲಿಗೆ ಹಚ್ಚಿದ, ಮಂಚಕ್ಕೆ ಹಚ್ಚಿದ, ಮಣೆಗೂ ಹಚ್ಚಿದ. ರೊಟ್ಟಿ ತಟ್ಟಲು ಮಣೆ ಮೇಲೆ ಕೂತ ತಾಯಿ ಎದ್ದರೆ, ಮಣೆಯೂ ಎದ್ದಿತು.

"ಅಯ್ಯೋ ಪೆದ್ದೇ, ಮಣೆಗೆ ಹಚ್ತಾರೇನೋ? ಹಸಿರೆಲೆ ಇರೋ ಕಡೆ ಹಚ್ಚಬೇಕು."

"ಹೂಂ ಕಣಮ್ಮ, ಎಲೆ ಇರೋ ಕಡೆ ಹಚ್ತೀನಿ."

ಅವತ್ತು ಪಕ್ಕದ ಮನೆಯಲ್ಲಿ ನಾಮಕರಣದ ಊಟ. ಸಾಲಾಗಿ ಬಾಳೆಲೆ ಹಾಕಿದ್ದರು. ಗವಿರಂಗ ಎಲೆಗೊಂದರಂತೆ ದುಂಬಿ ಹಚ್ಚಿಕೊಂಡು ಹೋದ. ಕಣ್ಣು ಮಂಜಾದ ಅಜ್ಜ ಒಬ್ಬರು ಹಾಗಲಕಾಯಿ ಪಲ್ಯ ಅಂದುಕೊಂಡು ಬಾಯಿಗೆ ಹಾಕಿಕೊಂಡರು. ಮೇಲಿನ ಹಲ್ಲು, ಕೆಳಗಿನ ಹಲ್ಲು ಒಂದಾದವು.

ತಾಯಿ ಕಿವಿ ಹಿಡಿದು ತೋಟಕ್ಕೆ ಎಳೆದುಕೊಂಡು ಬಂದಳು. "ಊಟದ ಎಲೆಗಲ್ಲವೋ, ಈ ಮಾವಿನ ಎಲೆಗೆ ಹಚ್ಚು. ಇಲ್ಲೇ ಕಾಯ್ತಾ ಇರು. ಗಂಡು ಬಂದು ಕೂತರೆ ಏಳಬಾರದು, ಹಾಗೆ ಅಂಟು ಹಾಕು."

ಈ ಸಲ ಸರಿಯಾಗೇ ಹಚ್ಚಿದ. ಎರಡು ದಿನದಲ್ಲಿ ಎಲೆ ಎಲೆಗೂ ಗಂಡು ದುಂಬಿ ಸಿಕ್ಕಿಕೊಂಡು ರೆಕ್ಕೆ ಬಡಿಯುತ್ತಿದ್ದವು. ಸಣ್ಣೀರಮ್ಮ ಅವತ್ತು ಕೂತು ಊಟ ಮಾಡಿದಳು.

ಅಷ್ಟರಲ್ಲಿ ಗವಿರಂಗನ ತಂಗಿ ಹೊನ್ನಾಜಿಯನ್ನು ನೋಡಲು ಗಂಡಿನ ಕಡೆಯವರು ಬಂದರು. ಬಿಸಿಲಿಗೆ ಬೆವತಿದ್ದ ಹುಡುಗ ಮರದ ನೆರಳಿಗೆ ಬಂದ.

"ನೀವು ಗಂಡಾ?" ಅಂದ ಗವಿರಂಗ.

"ಹೌದು, ನಾನೇ ಗಂಡು."

ಅವನು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಗವಿರಂಗ ಉಳಿದ ಅಂಟನ್ನೆಲ್ಲ ಮರದಡಿಯ ಕಲ್ಲಿನ ಮೇಲೆ ಸುರಿದ. "ಹಾಗಾದ್ರೆ ಕೂತ್ಕೊಳ್ಳಿ."

ಕೂತ ಗಂಡು ಏಳಲಿಲ್ಲ. ಕೂಗು ಕೇಳಿ ಓಡಿ ಬಂದ ತಾಯಿ ಹಣೆ ಚಚ್ಚಿಕೊಂಡಳು. "ಬಂದ ಗಂಡನ್ನ ಹೀಗಾ ಹಿಡಿದು ಕೂರಿಸೋದು? ಎಣ್ಣೆ ಹಚ್ಚಿ ಮೆತ್ತಗೆ ಬಿಡಿಸಬೇಕು. ಎಲೆ ಅಡಿಕೆ ಕೊಟ್ಟು, ಹೋಗಿ ಬನ್ನಿ ಅಂತ ಮರ್ಯಾದೆಯಿಂದ ಕಳಿಸಬೇಕು."

ಎಣ್ಣೆ ತಂದವಳು ಹೊನ್ನಾಜಿ. ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಳು. ಪಂಚೆ ಹರಿದರೂ ಹುಡುಗನೂ ನಕ್ಕ. ಒಳಗೆ ಹೋಗಿ ಒಪ್ಪಿಗೆ ಅಂದ. ಸಂಜೆ ಅವರನ್ನು ಬಸ್ಸು ಹತ್ತಿಸಿ ಬಂದ ಸಣ್ಣೀರಮ್ಮನಿಗೆ ಆಗ ನೆನಪಾಯಿತು, ಮಗ ಎಲ್ಲಿ?

ಗವಿರಂಗ ಬರಿದಾದ ಎಣ್ಣೆ ಗಿಂಡಿ ಹಿಡಿದು ತೋಟದ ಕಡೆಯಿಂದ ಬಂದ.

"ಇಷ್ಟೊತ್ತು ಏನು ಮಾಡ್ತಿದ್ದೆಯೋ?"

"ಒಬ್ಬರಾ ಇಬ್ಬರಾ ಕಣಮ್ಮ? ಎಲ್ಲಾ ಗಂಡಿನ ಕಾಲಿಗೂ ಎಣ್ಣೆ ಹಚ್ಚಿ ಬಿಡಿಸಬೇಕಲ್ಲ. ಎಲೆ ಅಡಿಕೆ ಇಟ್ಟೆ, ಮುಟ್ಟಲಿಲ್ಲ. ಹೋಗಿ ಬನ್ನಿ ಅಂದೆ."

ತಾಯಿ ಗಿಂಡಿ ಕಿತ್ತುಕೊಂಡಳು. "ಹೋದವೇನೋ?"

"ಇಲ್ಲಮ್ಮ, ನಮ್ಮ ಮರ ಬಿಟ್ಟು ಹೋಗೋಕೆ ಮನಸ್ಸು ಬರಲಿಲ್ಲ ಅವರಿಗೆ. ತೂತು ಮಾಡ್ಕೊಂಡು ಒಳಗೆ ಮಲಗಿದಾರೆ. ಮೆಲ್ಲಗೆ ಮಾತಾಡು."