ಯಾರೂ ಮುಟ್ಟದ ಔಷಧಿ ಪೆಟ್ಟಿಗೆ

ಅಡುಗೆಮನೆಯ ಗೂಡಿನಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇತ್ತು. ಕೊಟ್ರಮ್ಮನವರ ಕಾಲದಲ್ಲಿ ಅದು ಮನೆಯ ಮದ್ದಿನ ಡಬ್ಬಿ. ಈಗ ಅವರ ಸೊಸೆ ವಿನುತಾ ಅದರಲ್ಲಿ ಸೂಜಿ, ದಾರ, ಬಟ್ಟೆಚೂರು ಇಟ್ಟಿದ್ದಳು. ಆದರೂ ಮುಚ್ಚಳ ತೆಗೆದರೆ ಓಮದ ವಾಸನೆ ಇನ್ನೂ ಬರುತ್ತಿತ್ತು.

ಒಂದು ದಿನ ಅದರ ಪಕ್ಕಕ್ಕೆ ಹೊಸ ಔಷಧಿ ಪೆಟ್ಟಿಗೆ ಬಂದು ಕೂತಿತು. "ನನ್ನೊಳಗೆ ಜ್ವರದ ಮಾತ್ರೆ, ಮುಲಾಮು, ಗಾಯದ ಪಟ್ಟಿ ಎಲ್ಲವೂ ಇವೆ. ನೀವು ಎಂದಾದರೂ ಹೀಗೆ ತುಂಬಿದ್ದಿರಾ?" ಎಂದು ಕೇಳಿತು.

"ಇಲ್ಲಪ್ಪ," ಎಂದಿತು ಡಬ್ಬಿ. "ಬೆಳಗಾದರೆ ಬೀದಿಯವರು 'ಕೊಟ್ರಮ್ಮಾರೆ, ಚಿಟಿಕೆ ಓಮ ಕೊಡ್ರಿ, ಒಂದು ತುಂಡು ಶುಂಠಿ ಕೊಡ್ರಿ' ಅಂತ ಬರೋರು. ಉಳಿದದ್ದನ್ನು ಅಮ್ಮ ಸಂತೆಯ ದಿನ ಮೂಸಿ ನೋಡೋರು. ಘಮ ಹೋದದ್ದನ್ನು ಒಲೆಗೆ ಹಾಕಿ ಹೊಸದು ತರೋರು."

"ನನ್ನನ್ನು ಹಾಗೆ ಯಾರೂ ಮುಟ್ಟುವಂತಿಲ್ಲ," ಎಂದು ಪೆಟ್ಟಿಗೆ ಬೀಗಿತು. ಅದು ನಿಜವೇ ಆಗಿತ್ತು. ಪಕ್ಕದ ಮನೆಯವರು ಗಾಯದ ಪಟ್ಟಿ ಕೇಳಲು ಬಂದಾಗ ವಿನುತಾ, "ಇರಲಿ ಬಿಡ್ರಿ, ನಾಳೆ ನಮಗೇ ಬೇಕಾಗ್ತದೆ," ಎಂದು ಕಳಿಸಿಬಿಟ್ಟಳು.

ವರ್ಷಗಳು ಕಳೆದವು. ಒಮ್ಮೆ ಈಳಿಗೆ ತಗುಲಿ ಬೆರಳು ಕೊಯ್ದಾಗ ವಿನುತಾ ಪೆಟ್ಟಿಗೆ ತೆರೆದಳು. ಪಟ್ಟಿಯ ಅಂಟು ಒಣಗಿತ್ತು, ಮುಲಾಮು ಕಲ್ಲಾಗಿತ್ತು, ಮಾತ್ರೆಗಳ ಅವಧಿ ಎಂದೋ ಮುಗಿದಿತ್ತು. ಅವಳು ಡಬ್ಬಿಯಲ್ಲಿದ್ದ ಬಟ್ಟೆಚೂರನ್ನೇ ಬೆರಳಿಗೆ ಸುತ್ತಿಕೊಂಡು, ಪೆಟ್ಟಿಗೆಯಲ್ಲಿದ್ದದ್ದನ್ನೆಲ್ಲ ಕಸಕ್ಕೆ ಸುರಿದಳು.

"ನಾನು ಯಾರಿಗೂ ಏನೂ ಕೊಡಲಿಲ್ಲವಲ್ಲ, ಹೇಗೆ ಖಾಲಿಯಾದೆ?" ಎಂದು ಪೆಟ್ಟಿಗೆ ಕೇಳಿತು.

ಡಬ್ಬಿಗೆ ಸಂತೆಯ ದಿನದ ಕೊಟ್ರಮ್ಮನವರ ಬೆರಳುಗಳು ನೆನಪಾದವು. "ನನ್ನನ್ನು ಬೀದಿ ಖಾಲಿ ಮಾಡುತ್ತಿತ್ತು," ಎಂದಿತು, "ಅದಕ್ಕೇ ಅಮ್ಮ ತುಂಬುತ್ತಿದ್ದರು."