ಹಾರಿದ ಅಂದರೆ

ಹೊಳೆಯ ದಡದ ಆಶ್ರಮದಲ್ಲಿ ಅಣ್ಣತಮ್ಮಂದಿರಿಬ್ಬರು ಶಿಷ್ಯರಾಗಿದ್ದರು. ಅಣ್ಣ ಕೆಂಚಪ್ಪ, ತಮ್ಮ ದ್ಯಾವಣ್ಣ.

ದ್ಯಾವಣ್ಣ ಊರಿಗೆ ಹೋಗಿದ್ದಾಗ ಗುರುಗಳಿಂದ ಸುದ್ದಿ ಬಂತು: ‘ನಿಮ್ಮ ಕೆಂಚಪ್ಪ ಹದ್ದುಬಂಡೆಯಿಂದ ಹಾರಿದ. ಇನ್ನಿಲ್ಲ.’

ಅಣ್ಣನನ್ನು ಮಣ್ಣು ಮಾಡಿದ ಹನ್ನೊಂದನೆಯ ದಿನ ದ್ಯಾವಣ್ಣ ಆಶ್ರಮಕ್ಕೆ ಬಂದ. ಅಡ್ಡಬೀಳಲಿಲ್ಲ. ನಿಂತೇ ಕೇಳಿದ.

“ಗುರುಗಳೇ, ಹಾರಿದ ಅಂದರೆ ಏನು?”

“ಕನ್ನಡ ಬರೋದಿಲ್ಲವೇನೋ ನಿನಗೆ?”

“ಬರುತ್ತೆ. ಅದೇ ತೊಂದರೆ. ಹದ್ದೂ ಹಾರುತ್ತೆ. ಬಾವಿಗೂ ಹಾರುತ್ತಾರೆ. ನಮ್ಮಣ್ಣನದು ಯಾವುದು?”

ಗುರುಗಳು ಜಪಮಾಲೆ ಕೆಳಗಿಟ್ಟರು.

“ಊರವರು ಬಾವಿಯದು ಅಂತಾರೆ. ಅವ್ವ ಅನ್ನ ಬಿಟ್ಟಿದ್ದಾಳೆ. ಬದುಕಿಗೆ ಹೆದರಿ ಸತ್ತ ಗಂಡಸು ನಮ್ಮ ಮನೆತನದಲ್ಲೇ ಇಲ್ಲ. ಚಿರತೆ ಬಾಯಿಗೆ ಕೈ ಹಾಕಿದ ಅಪ್ಪನ ಮಕ್ಕಳು ನಾವು! ಅಣ್ಣ ಬಿದಿರು ಸೀಳಿ, ನಿಮ್ಮ ಹಳೇ ಪಂಚೆ ಬಿಗಿದು ರೆಕ್ಕೆ ಮಾಡಿದ್ದ. ಹದ್ದಿನ ಹಾಗೆ ಬಡಿಯದೆ ತೇಲಬೇಕು ಅಂತಿದ್ದ. ಅವನು ಹಾರಿದ್ದು ಹದ್ದಿನ ಹಾಗೇ. ನೀವು ಹೌದು ಅನ್ನಿ ಸಾಕು, ಅವ್ವ ಉಣ್ಣುತ್ತಾಳೆ.”

ಗುರುಗಳು ಎದ್ದು ಅವನನ್ನು ಹೊಳೆಯ ಮೇಲೆ ಚಾಚಿದ್ದ ಹದ್ದುಬಂಡೆಗೆ ಕರೆದೊಯ್ದರು. ಅಲ್ಲಿ ಒಂದೇ ರೆಕ್ಕೆ ಬಿದ್ದಿತ್ತು.

“ಇನ್ನೊಂದು?”

“ಹೊಳೆಯಲ್ಲಿ ಸಿಕ್ಕಿತು.”

“ನೋಡಿದಿರಾ! ಕಟ್ಟಿಕೊಂಡೇ ಹಾರಿದ್ದಾನೆ.”

“ಗಾಳಿ ಎತ್ತಿ ಹಾಕಿದ್ದರೂ ಹಾಕಿರಬಹುದು.”

ಗುರುಗಳು ಒಣಗಿದ ಮುತ್ತುಗದ ಎಲೆಯೊಂದನ್ನು ಬಂಡೆಯಂಚಿನಿಂದ ಕೈಬಿಟ್ಟರು. ಅದು ಅತ್ತ ವಾಲಿತು, ಇತ್ತ ವಾಲಿತು, ಬಹಳ ಹೊತ್ತಿಗೆ ನೀರು ಮುಟ್ಟಿತು.

“ಹಾರಿತೋ, ಬಿತ್ತೋ?”

“ತೇಲಿತು.”

“ತೇಲೋದು ಅಂದರೆ?”

ದ್ಯಾವಣ್ಣ ಕೆಳಗೆ ನೋಡುತ್ತಲೇ ಇದ್ದ.

“ತಡವಾಗಿ ಬೀಳೋದು,” ಎಂದ. ಆಮೇಲೆ ಗುರುಗಳತ್ತ ತಿರುಗಿದ. “ಒಗಟು ಬೇಡ ಗುರುಗಳೇ. ನಾನು ಅವ್ವನ ಮುಂದೆ ಹೋಗಿ ನಿಲ್ಲಬೇಕು. ಅವತ್ತು ನೀವಿದ್ದಿರಿ. ಅಣ್ಣ ಏನಾದರೂ ಹೇಳಿದನಾ?”

ಗುರುಗಳು ಕುಳಿತರು. ರೆಕ್ಕೆಯ ಪಂಚೆಗೆ ಅಂಟಿದ್ದ ಹದ್ದಿನ ಹಿಕ್ಕೆಯನ್ನು ಉಗುರಿನಿಂದ ಕೆರೆಯತೊಡಗಿದರು. ಅದು ಬಿಡಲಿಲ್ಲ.

“ಹೊತ್ತು ಹುಟ್ಟೋ ಮುಂಚೆ ಬಾಗಿಲಿಗೆ ಬಂದ. ‘ಗುರುಗಳೇ, ಹಾರಲೇ?’ ಅಂದ. ನಾನು ಜಪದಲ್ಲಿದ್ದೆ. ಕಣ್ಣು ಬಿಡದೆ ‘ಹಾರಪ್ಪ’ ಅಂದೆ. ಯಾವುದು ಅಂತ ಕೇಳಲಿಲ್ಲ.”